ಕೆಂಚಿಯ ಹಾಜರಿ

ಇಲ್ಲದವರು ಕೊಡುವ ಫಜೀತಿಯನ್ನು ಇರುವವರು ಕೊಡಲಾರರು. ಇರುವವರಾದರೆ ಅವರ ಮುಂದೆ ಕೈಮುಗಿಯಬಹುದು, ಜಗಳಾಡಬಹುದು, ಕೊನೆಗೆ ಊರಿಗೆ ಕಳಿಸಿ ಬಾಗಿಲು ಹಾಕಿಕೊಳ್ಳಬಹುದು. ಇಲ್ಲದವರನ್ನು ಎಲ್ಲಿಂದ ಹಿಡಿದು ಎಲ್ಲಿಗೆ ಕಳಿಸುವುದು? ಮಾಸ್ತರಿಕೆಯ ಇಷ್ಟು ವರ್ಷಗಳಲ್ಲಿ ನಾನು ಹಲವು ಸಲ ನಗೆಪಾಟಲಾಗಿದ್ದೇನೆ. ಅದರಲ್ಲಿ ಹೆಚ್ಚಿನ ಪಾಲು ಒಂದೇ ವರ್ಷದ್ದು, ಅಷ್ಟಕ್ಕೂ ಕಾರಣ ಒಬ್ಬಳೇ. ಅವಳನ್ನು ನಾನು ಒಮ್ಮೆಯೂ ನೋಡಿಲ್ಲ.

ಉಪ್ಪಿಲ್ಲದ ಪಲ್ಯ

ಆಗ ನಿಜಾಮರ ಆಳ್ವಿಕೆ. ಸುರಪುರಕ್ಕೆ ಹತ್ತಿಕೊಂಡ ರಂಗಂಪೇಟೆಯ ಒಂದು ಸಣ್ಣ ಶಾಲೆಯಲ್ಲಿ ನಾನು ಮಾಸ್ತರ. ಆ ವರ್ಷದ ಮಳೆಗಾಲದಲ್ಲಿ ನನ್ನ ಹೆಂಡತಿ ಒಂಬತ್ತು ದಿನದ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ನಾನು, ಆರು ವರ್ಷದ ಮಗಳು. ಮಗಳು ಅಂದಿನಿಂದ ಮಾತು ಬಿಟ್ಟಳು. ಕೇಳಿದರೆ ತಲೆಯಾಡಿಸುವಳು, ಕರೆದರೆ ಬರುವಳು, ಮಾತು ಮಾತ್ರ ಇಲ್ಲ. ನಾನು ಮೊದಲೇ ಮಾತು ಕಡಿಮೆಯ ಮನುಷ್ಯ. ಹೀಗಾಗಿ ಮನೆಯಲ್ಲಿ ಮಾತಾಡುವ ಕೆಲಸ ಪೂರ್ತಿಯಾಗಿ ಹಲ್ಲಿಗಳ ಪಾಲಿಗೆ ಬಿತ್ತು.

ಅಡುಗೆ ನನ್ನದೇ. ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೆ. ಗುಂಡಗೆ ಬರಬೇಕೆಂದು ಬಡಿದರೆ ಪ್ರತಿ ಸಲವೂ ಒಂದೊಂದು ಪರಗಣೆಯ ನಕ್ಷೆಯಾಗುತ್ತಿತ್ತು. ಮಗಳು ಸುಮ್ಮನೆ ತಿನ್ನುತ್ತಿದ್ದಳು. ಆರು ವಾರ ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ, ತುತ್ತು ಬಾಯಿಗಿಟ್ಟವಳು ತಲೆ ಎತ್ತಿ ಹೇಳಿದಳು:

"ಕೆಂಚಿ ಅಂತಾಳ, ಪಲ್ಯಾದಾಗ ಉಪ್ಪಿಲ್ಲ."

ನನ್ನ ಕೈಯ ಸೌಟು ನೆಲಕ್ಕೆ ಬಿತ್ತು. ಆರು ವಾರದ ಮೇಲೆ ಕೇಳಿದ ದನಿ! ಕೆಂಚಿ ಯಾರೆಂದು ಕೇಳುವುದಕ್ಕೂ ಮೊದಲು ಓಡಿ ಹೋಗಿ ಉಪ್ಪು ತಂದು ಹಾಕಿದೆ. ಖುಷಿಯಲ್ಲಿ ಎರಡು ಸಲ ಹಾಕಿದೆ. ಆಮೇಲೆ ಕೇಳಿದೆ, "ಕೆಂಚಿ ಯಾರವ್ವಾ?"

ಪಕ್ಕದ ಖಾಲಿ ಜಾಗಕ್ಕೆ ಕೈ ತೋರಿಸಿ, "ಈಕಿ" ಅಂದಳು.

ಮರುದಿನದಿಂದ ಮೂರನೆಯ ತಾಟು ಬಂತು. ಮಗಳು ತಾನಾಗಿ ಏನೂ ಹೇಳುತ್ತಿರಲಿಲ್ಲ. ಹೇಳುವುದೆಲ್ಲ ಕೆಂಚಿ. ಕೆಂಚಿಗೋ ಎಲ್ಲದರ ಮೇಲೂ ಒಂದು ಅಭಿಪ್ರಾಯ. "ಕೆಂಚಿ ಅಂತಾಳ, ರೊಟ್ಟಿ ಹಸೀ ಅದ." "ಕೆಂಚಿ ಅಂತಾಳ, ನನ್ನ ಹೆಳಲು ಒಂದು ಮ್ಯಾಲ ಆಗ್ಯದ, ಒಂದು ಕೆಳಗ ಆಗ್ಯದ." ಬುದ್ಧಿವಂತನಾದ ಮಾಸ್ತರ ಇಂಥದನ್ನು ಮೊದಲ ದಿನವೇ ತಿದ್ದಬೇಕಿತ್ತು. ನಾನು ಪ್ರತಿ ದೂರನ್ನೂ ವಿನಯದಿಂದ ಕೇಳಿಕೊಂಡೆ. ಕೆಂಚಿಯ ಬಾಯಿಂದಲಾದರೂ ಮಗಳ ದನಿ ಮನೆಯಲ್ಲಿ ಇತ್ತಲ್ಲ!

ಒಂದು ದಿನ ಶಾಲೆಯಿಂದ ಬರುವಾಗ ಮಗಳು, "ಕೆಂಚಿ ಅಂತಾಳ, ನಿನ್ನ ಧೋತ್ರ ಹಿಂದ ಹರದದ" ಅಂದಳು.

ಮುಟ್ಟಿ ನೋಡಿಕೊಂಡೆ. ಹೌದು. "ಯಾವಾಗಿನಿಂದವ್ವಾ?" ಅಂದೆ.

"ಸ್ವಾಮಾರದಿಂದ."

ಅಂದು ಬುಧವಾರ.

ಅಕ್ಕ ಕೂತ ಜಾಗ

ನನ್ನ ಅತ್ತೆ ಅಂದರೆ ನನ್ನ ಸ್ವಂತ ಅಕ್ಕ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ರೂಢಿ. ನನ್ನಕ್ಕ ನನಗಿಂತ ಹದಿನೆಂಟು ವರ್ಷ ದೊಡ್ಡವಳು, ಶಹಾಪುರ ತಾಲೂಕಿನ ಶಿರವಾಳಕ್ಕೆ ಕೊಟ್ಟಿತ್ತು. ಗಂಡ, ಮೂವರು ಗಂಡುಮಕ್ಕಳು, ಎತ್ತು, ಆಳು, ಎಲ್ಲ ಇದ್ದ ಮನೆ. ಇದ್ದ ಒಬ್ಬಳೇ ಮಗಳನ್ನು ನನಗೆ ಕೊಟ್ಟಿದ್ದಳು. ಅಕ್ಕನಾಗಿ ನನ್ನನ್ನು ಬೈಯುವ ಹಕ್ಕು, ಅತ್ತೆಯಾಗಿ ನನ್ನನ್ನು ಪ್ರಶ್ನಿಸುವ ಹಕ್ಕು, ಎರಡೂ ಒಂದೇ ಬಾಯಲ್ಲಿ. ಎದುರು ಮಾತಾಡಲು ನನ್ನ ಹತ್ತಿರ ಅರ್ಧ ಬಾಯಿಯೂ ಇರಲಿಲ್ಲ.

ದೀಪಾವಳಿಯ ಮರುದಿನ ಬಂದಳು. ಬಂದವಳೇ ಕೈಕಾಲು ತೊಳೆದು, ಊಟಕ್ಕೆ ಹಾಕಿದ್ದ ತಾಟುಗಳ ಮುಂದೆ ದಪ್ಪನೆ ಕೂತಳು.

"ಅಜ್ಜೀ!" ಎಂದು ಮಗಳು ಚೀರಿದಳು. "ಕೆಂಚಿ ಮ್ಯಾಲ ಕುಂತಿ! ಏಳ, ಏಳ! ಆಕಿ ಅಪಚ್ಚಿ ಆದಳು!"

ಆ ವಯಸ್ಸಿನಲ್ಲಿ, ಆ ಮೈಕಟ್ಟಿನಲ್ಲಿ ಒಬ್ಬ ಹೆಂಗಸು ಕೂತಲ್ಲಿಂದ ಅಷ್ಟು ಎತ್ತರ ಹಾರಿದ್ದನ್ನು ನಾನು ಹಿಂದೆ ನೋಡಿಲ್ಲ, ಮುಂದೆಯೂ ನೋಡಲಿಲ್ಲ. ಹಾರಿದವಳು ಬಾಗಿಲಿನ ಹತ್ತಿರ ಹೋಗಿ ನಿಂತು, "ಯಾರ ಲೇ ತಮ್ಮಾ ಅದು?" ಅಂದಳು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಹಣೆ ಹಣೆ ಬಡಿದುಕೊಂಡಳು. "ಮನ್ಯಾಗ ಗಾಳಿ ಸೇರ್ಯದ. ನೀ ಅದಕ್ಕ ತಾಟು ಇಟ್ಟು ಬಡಸಾಕತ್ತೀದಿ! ಮಾಸ್ತರ ಅಂತ ಮಾಸ್ತರ!"

"ಗಾಳಿ ಅಲ್ಲ ಅಕ್ಕಾ. ಕೂಸು ಸುಮ್ಮನ ಮನಸಿನಾಗ..."

"ಮನಸಿನಾಗ ಇದ್ದದ್ದಕ್ಕ ಪಲ್ಯಾ ಯಾಕ ಬೇಕು?"

ಹೋಗುವಾಗ ಅಕ್ಕ ಕಟ್ಟಾಗಿ ಹೇಳಿದಳು: "ಉಗಾದಿಗಿ ಬಂಡಿ ಕಟ್ಟಿಸ್ಕೊಂಡು ಬರ್ತೀನಿ. ಅಷ್ಟರಾಗ ಆಕಿ ಹೋಗಿರಬೇಕು. ಇಲ್ಲಂದ್ರ ನನ್ನ ಮೊಮ್ಮಗಳ್ನ ನಾ ಕರ್ಕೊಂಡು ಹೋಗ್ತೀನಿ. ನೀ ಬೇಕಾದ್ರ ನಿನ್ನ ಗಾಳಿ ಜೋಡಿ ಸಂಸಾರ ಮಾಡು."

ಇದು ನನ್ನನ್ನು ಹಿಡಿದ ಸಂಕಟ. ಕೆಂಚಿ ಇದ್ದರೆ ಮಗಳು ಶಿರವಾಳಕ್ಕೆ ಹೋಗುತ್ತಾಳೆ. ಕೆಂಚಿ ಹೋದರೆ ಮಗಳ ಮಾತು ಅವಳ ಹಿಂದೆಯೇ ಹೋಗುತ್ತದೆ. ಉಗಾದಿಗೆ ಐದು ತಿಂಗಳಿತ್ತು. ಅಕ್ಕ ಮಾತ್ರ ಬಂಡಿ ಹತ್ತುವ ಮೊದಲು ಯಾರೂ ನೋಡುತ್ತಿಲ್ಲವೆಂದು ತಿಳಿದು ಒಳಗೆ ಬಂದು, ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ, "ತಪ್ಪಾತವ್ವಾ" ಎಂದು ಕೈಮುಗಿದು ಹೋದಳು.

ಯಾದಗಿರಿಯ ಸಿನಿಮಾ

ಶಾಲೆಗೆ ಬರಬೇಕಾದ ಪುಸ್ತಕದ ಗಂಟು ಯಾದಗಿರಿಯ ರೈಲು ಸ್ಟೇಷನ್ನಿಗೆ ಬಂದು ಬಿದ್ದಿತ್ತು. ಅದನ್ನು ತರಲು ನನ್ನನ್ನು ಕಳಿಸಿದರು. ಮಗಳನ್ನೂ ಕರೆದುಕೊಂಡು ಹೋದೆ. ಲಡಾಯಿಯ ಕಾಲ. ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ಓಡುವ ಬಸ್ಸು. ಶಹಾಪುರ ಮುಟ್ಟುವುದರೊಳಗೆ ಎರಡು ಸಲ ಕೆಮ್ಮಿ ನಿಂತಿತು. ಯಾದಗಿರಿಗೆ ಬಂದರೆ ಸ್ಟೇಷನ್ನಿನ ಗುಮಾಸ್ತರು, "ಸಂಜೀಕ ಬರ್ರಿ" ಅಂದರು. ಮಧ್ಯಾಹ್ನವಿಡೀ ಏನು ಮಾಡುವುದು?

ಹತ್ತಿ ಅರಳೆ ಬಿಡಿಸುವ ಕಾರ್ಖಾನೆಯ ಒಂದು ಹಳೆಯ ತಗಡಿನ ಶೆಡ್ಡಿನಲ್ಲಿ ಸಿನಿಮಾ ನಡೆದಿತ್ತು. ಹೊರಗೆ ಬಣ್ಣದ ಚಿತ್ರ. ಜೋಕಾಲಿಯ ಮೇಲೆ ನಗುತ್ತಿರುವ ಒಂದು ಹುಡುಗಿ, ಪಕ್ಕದಲ್ಲಿ ಇನ್ನೊಂದು ಜೋಕಾಲಿ, ಖಾಲಿ. ಚಿತ್ರ ಬರೆದವನ ಬಣ್ಣ ಮುಗಿದಿರಬೇಕು ಎಂದುಕೊಂಡೆ. ಆದರೂ ಬಾಗಿಲಲ್ಲಿದ್ದವನನ್ನು ಕೇಳಿದೆ, "ಮಕ್ಕಳು ನೋಡೂವಂಥಾದ್ದು ಹೌದಲ್ಲಪಾ?"

"ಮಕ್ಕಳದೇ ಸಿನಿಮಾ ರೀ ಮಾಸ್ತರ. ಶುರುವಿನಿಂದ ಕಡೀತನಕ ಒಂದು ಮಗು ಅದ."

ಒಳಗೆ ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ್ದರು. ಒಂದು ಕಡೆ ಗಂಡಸರು, ಪರದೆಯ ಆಚೆ ಹೆಂಗಸರು. ಮಾತೆಲ್ಲ ಉರ್ದು. ನೋಡುವವರಲ್ಲಿ ಮುಕ್ಕಾಲು ಪಾಲು ಹೊಲದ ಕೆಲಸದವರು, ನದಿ ದಂಡೆಯ ಮೀನುಗಾರರು. ಹಾಗಾಗಿ ಸಿನಿಮಾದವನು ಕೇಳಿದ: "ಉರ್ದು ಬಲ್ಲವ್ರು ಯಾರಾರ ಅದೀರೇನು? ಪರದೆ ಬಾಜೂಕ ನಿಂತು ಹೆಣ್ಮಕ್ಕಳಿಗಿ ಅರ್ಥ ಹೇಳ್ರಿ."

ತರಗತಿಯ ಹೊರಗೆ ನಾನು ಎಂದೂ ದನಿ ಎತ್ತಿದವನಲ್ಲ. ಆದರೆ ಉರ್ದು ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾದವನು. ಆ ಜಂಬ ನನ್ನ ಕೈಯನ್ನು ಮೇಲೆತ್ತಿತು.

ಕತೆ ಶುರುವಾಯಿತು. ದೊಡ್ಡ ಬಂಗಲೆ. ಅದರಲ್ಲಿ ತಾಯಿಯಿಲ್ಲದ ಒಂದು ಹುಡುಗಿ. ಆಗಲೇ ಎದ್ದು ಹೋಗಬೇಕಿತ್ತು. ಆದರೆ ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಆ ಹುಡುಗಿಗೆ ಒಬ್ಬಳು ಗೆಳತಿ. ಅವಳು ಯಾರಿಗೂ ಕಾಣುವುದಿಲ್ಲ. ದನಿ ಮಾತ್ರ ಕೇಳುತ್ತದೆ. ಅವಳು ಬರುವ ಮುಂಚೆ ಕಿಟಕಿಗೆ ಸುತ್ತಿಟ್ಟ ಪರದೆ ತಾನಾಗಿಯೇ ಸರ್ರನೆ ಕೆಳಗೆ ಬಿಚ್ಚಿಕೊಳ್ಳುತ್ತದೆ.

ಪರದೆಯಾಚೆಯಿಂದ ಒಬ್ಬ ಮುದುಕಿ ಕೇಳಿದಳು, "ಈಗ ಮಾತಾಡಿದವ್ರು ಯಾರ್ರೀ ಮಾಸ್ತರ?"

"ಯಾರೂ ಇಲ್ರೀ."

"ಇಲ್ಲದವ್ರು ಹ್ಯಾಂಗ ಮಾತಾಡ್ತಾರ್ರೀ? ಉರ್ದು ಖರೇನ ಬರ್ತದೋ ಇಲ್ಲೋ ನಿಮಗ?"

ಗೆಳತಿ ಮೊದಮೊದಲು ಆಟವಾಡಿದಳು. ಆಮೇಲೆ ಕನ್ನಡಿ ಒಡೆದಳು, ಆಯಾಳನ್ನು ಮೆಟ್ಟಿಲಿನಿಂದ ನೂಕಿದಳು. ಹುಡುಗಿಯ ಅಪ್ಪ ಏನು ಹೇಳಿದರೂ ಕೇಳುವುದಿಲ್ಲ. ಆ ಅಪ್ಪನೂ ನನ್ನ ಹಾಗೆ ಬಡಕಲು, ನನ್ನ ಹಾಗೆಯೇ ಕನ್ನಡಕ. ಅರ್ಥ ಹೇಳುವುದು ನಿಧಾನವಾಗಿ ಚಿಕ್ಕದಾಯಿತು. ಒಂದು ಪುಟದ ಮಾತಿಗೆ ನಾನು "ಅಂತ ಅಂದಳು" ಎಂದಷ್ಟೇ ಹೇಳತೊಡಗಿದೆ. ಮತ್ತೊಮ್ಮೆ ಸಿನಿಮಾದ ಆ ಕಿಟಕಿಯ ಪರದೆ ಸರ್ರೆಂದಿತು. ನಾನು ಕಣ್ಣು ಮುಚ್ಚಿದೆ. ಆದರೆ ಕರ್ತವ್ಯ ಬಿಡಲಿಲ್ಲ. ಕಿವಿಗೆ ಬಿದ್ದದ್ದರಿಂದಲೇ ಅರ್ಥ ಮಾಡಿ ಹೇಳಿದೆ: "ಈಗ ಎಲ್ಲಾರೂ ಕೂಡಿ ಊಟ ಮಾಡಾಕತ್ಯಾರ. ಮನ್ಯಾಗ ಸಂತೋಷ ಅದ."

"ಮಾಸ್ತರ!" ಮುದುಕಿ ಪರದೆಯನ್ನೇ ಸರಿಸಿ ಕೂಗಿದಳು. "ಊಟ ಅಂತೀರಿ, ಅಲ್ಲಿ ಮನಿ ಉರಿಯಾಕತ್ತದ! ಕಣ್ಣ ತಗೀರಿ ಮೊದಲ!"

ಶೆಡ್ಡಿನಲ್ಲಿದ್ದ ಗಂಡಸರು, ಹೆಂಗಸರು ಎಲ್ಲ ಸೇರಿ ನಕ್ಕರು. ಸಿನಿಮಾದ ಉಳಿದ ಭಾಗವನ್ನು ಜನ ನನ್ನ ಮುಖ ನೋಡುತ್ತ ಕಳೆದರು. ಅದರಲ್ಲೇ ಹೆಚ್ಚು ಕತೆಯಿತ್ತು.

ಹೊರಗೆ ಬಂದ ಮೇಲೆ ಮಗಳನ್ನು ಎತ್ತಿಕೊಂಡು, "ಅಂಜಿಕಿ ಆತೇನವ್ವಾ?" ಅಂದೆ.

"ನನಗಿಲ್ಲ. ಅದು ಸುಳ್ಳು. ಕೆಂಚಿ ಹಂಗೇನೂ ಮಾಡಂಗಿಲ್ಲ," ಅಂದಳು. ಆಮೇಲೆ ನನ್ನನ್ನು ಸ್ವಲ್ಪ ನೋಡಿ, "ಕೆಂಚಿಗಿ ಅಂಜಿಕಿ ಆಗ್ಯದ. ನೀ ಆಕಿ ಕೈ ಹಿಡಕೋ," ಅಂದಳು.

ಹಿಡಿದುಕೊಂಡೆ. ಪುಸ್ತಕದ ಗಂಟು ಬಸ್ಸಿನ ಮೇಲೆ, ಮಗಳು ಎಡಕ್ಕೆ, ಬಲಗೈ ಗಾಳಿಯಲ್ಲಿ. ಶಹಾಪುರದಲ್ಲಿ ಜನ ಹತ್ತಿ ಬಸ್ಸು ತುಂಬಿತು. ಕಂಡಕ್ಟರ್ ಕೇಳಿದ, "ಕೈಗಿ ಏನಾಗ್ಯದ್ರಿ ಮಾಸ್ತರ?"

ನನಗಿಂತ ಮೊದಲು ಮಗಳು ಹೇಳಿದಳು, "ಕೆಂಚೀನ ಹಿಡಕೊಂಡಾನ."

ಕಂಡಕ್ಟರ್ ನನ್ನ ಬಲಗಡೆ ನೋಡಿದ, ನನ್ನನ್ನು ನೋಡಿದ, ನಿಂತ ಜನರನ್ನು ನೋಡಿದ. "ಹಂಗಿದ್ರ ತೊಡಿ ಮ್ಯಾಲ ಕೂಡಿಸ್ಕೊರ್ರಿ. ಜಾಗಾ ಸಾಲವಲ್ದು."

ಸುರಪುರದ ತನಕ ತೊಡೆಯ ಮೇಲೆ ಕೂಡಿಸಿಕೊಂಡು ಬಂದೆ. ಕಾಲು ಜೋಮು ಹಿಡಿದಿತ್ತು.

ದೆವ್ವ ಇಲ್ಲ ಎಂಬ ಪಾಠ

ಹೊಲಕ್ಕೆ ಹೋಗಿ ಉಣ್ಣುವ ಎಳ್ಳಮಾಸಿ ಹಬ್ಬದ ಮರುದಿನ ಮಕ್ಕಳು ಹೊಲದಿಂದ ಸಜ್ಜೆಯ ಕಡುಬಿನ ಜೊತೆಗೆ ದೆವ್ವದ ಕತೆಗಳನ್ನೂ ಹೊತ್ತು ತರುತ್ತಿದ್ದರು. ಅದಕ್ಕಾಗಿ ವರ್ಷಕ್ಕೊಮ್ಮೆ ಆ ದಿನ ನಾನೊಂದು ಪಾಠ ಮಾಡುತ್ತಿದ್ದೆ: ದೆವ್ವ ಇಲ್ಲ. ಏಕೆ ಇಲ್ಲ ಎಂಬುದಕ್ಕೆ ಐದು ಕಾರಣ, ಕ್ರಮವಾಗಿ. ಆ ವರ್ಷ ಬೇರೆ ವರ್ಷಗಳಿಗಿಂತ ಗಟ್ಟಿಯಾಗಿ ಶುರುಮಾಡಿದೆ. ಯಾದಗಿರಿಯಿಂದ ಬಂದ ಮೇಲೆ ನನಗೇ ಆ ಪಾಠದ ಅಗತ್ಯವಿತ್ತು.

ಹಗಲು ಹನ್ನೊಂದರ ಹೊತ್ತು. ಹೊರಗೆ ಚಳಿಗಾಲದ ಒಳ್ಳೆಯ ಬಿಸಿಲು. ಮೂರನೆಯ ಕಾರಣಕ್ಕೆ ಬಂದಿದ್ದೆ. "ಯಾವ ವಸ್ತುವೂ ತಾನಾಗಿಯೇ ಅಲುಗುವುದಿಲ್ಲ" ಎಂದು ಹೇಳಿ ಮುಗಿಸಿದೆ, ನೋಡಿ. ಬೆನ್ನ ಹಿಂದೆ ಸರ್ರ್ ಎಂದಿತು.

ಆಮೇಲಿನದು ನನಗೆ ಸ್ಪಷ್ಟವಾಗಿ ನೆನಪಿಲ್ಲ. ನೆನಪಿರುವುದು ಇಷ್ಟೇ: ನಾನು ಶಾಲೆಯ ಹೊರಗಿನ ಬೇವಿನ ಗಿಡವನ್ನು ಅಪ್ಪಿಕೊಂಡು ನಿಂತಿದ್ದೆ, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಒಳಗೆ ಮೂವತ್ತು ಮಕ್ಕಳು ಅಲುಗದೆ ಕೂತಿದ್ದರು. ನಾನು ಕಲಿಸಿದ ಶಿಸ್ತು ಅಷ್ಟು ಚೆನ್ನಾಗಿತ್ತು.

ಮಗಳು ನನ್ನ ಚಪ್ಪಲಿ ಹಿಡಿದುಕೊಂಡು ಬಂದಳು. "ಅಪ್ಪಾ, ಕೆಂಚಿ ಅಂತಾಳ, ಅದು ನಕ್ಷಾ. ದಾರ ಬಿಚ್ಚ್ಯದ. ಒಳಗ ಬಾ."

ಹೌದು. ಗೋಡೆಗೆ ಸುತ್ತಿ ಕಟ್ಟಿದ್ದ ನಿಜಾಮ ಸರಕಾರದ ರಾಜ್ಯದ ನಕ್ಷೆ. ದಾರವನ್ನು ಬೆಳಿಗ್ಗೆ ನಾನೇ ಕಟ್ಟಿದ್ದೆ. ಒಳಗೆ ಹೋಗಿ ಉಳಿದ ಎರಡು ಕಾರಣಗಳನ್ನೂ ಹೇಳಿ ಪಾಠ ಮುಗಿಸಿದೆ. ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಜೆ ಊರಿನ ಕಟ್ಟೆಯ ಮೇಲೆ ಅವರು ಆ ಪಾಠವನ್ನು ಸರಿಯಾಗಿ ಒಪ್ಪಿಸಿದರಂತೆ: "ದೆವ್ವ ಇಲ್ಲ. ನಮ್ಮ ಮಾಸ್ತರಿಗಿ ಅಷ್ಟ ಅದ."

ಮೂವತ್ತೊಂದನೆಯ ಹೆಸರು

ಕೆಂಚಿ ಶಾಲೆಗೆ ಸೇರಿದ ಬಗೆ ಹೀಗೆ. ಹಾಜರಿ ಕರೆದರೆ ನನ್ನ ಮಗಳು ಉತ್ತರ ಕೊಡುತ್ತಿರಲಿಲ್ಲ. ಎದುರಿಗೇ ಕೂತವಳನ್ನು ಗೈರುಹಾಜರು ಎಂದು ಬರೆಯಲಾರೆ. ಬಾಯಿಬಿಡದವಳನ್ನು ಹಾಜರು ಎಂದೂ ಬರೆಯಲಾರೆ. ಒಂದು ದಿನ ಸುಮ್ಮನೆ ಅವಳ ಹೆಸರಿನ ನಂತರ "ಕೆಂಚಿ" ಎಂದು ಕರೆದು ನೋಡಿದೆ. "ಹಾಜರ್!" ಎಂದಳು, ಗೋಡೆ ಅದುರುವ ಹಾಗೆ. ಆಮೇಲೆ ಮೆಲ್ಲಗೆ, "ನಾನೂ ಹಾಜರ್."

ಅಂದಿನಿಂದ ದಿನಾ ಕರೆದೆ. ಆದರೆ ಬರೆಯದ ಹೆಸರನ್ನು ಓದುವುದು ನನಗೆ ಮನಸ್ಸಿಗೆ ಒಗ್ಗದ ಕೆಲಸ. ಮೊದಲು ಪೆನ್ಸಿಲಿನಲ್ಲಿ ಸಣ್ಣಗೆ ಬರೆದುಕೊಂಡೆ. ತಿಂಗಳು ತಿರುಗಿತು. ಹೊಸ ಪುಟಕ್ಕೆ ಹೆಸರುಗಳನ್ನು ನಕಲು ಮಾಡುವಾಗ ಕೈ ರೂಢಿಯಂತೆ ನಡೆದು, ಮೂವತ್ತೊಂದನೆಯ ಸಾಲಿನಲ್ಲಿ ಶಾಯಿಯಿಂದ, ದುಂಡಗೆ, "ಕೆಂಚಮ್ಮ" ಎಂದು ಬರೆದುಬಿಟ್ಟಿತು. ನೋಡಿಕೊಂಡದ್ದು ಸಾಹೇಬರು ಬಂದ ದಿನ.

ಶಾಲೆ ತಪಾಸಣೆಯ ಸಾಹೇಬರು ಹೇಳದೆ ಬರುವವರು. ಕರಿ ಶೇರವಾನಿ, ಕೆಂಪು ಟೊಪ್ಪಿಗೆ, ನಗುವನ್ನು ಮನೆಯಲ್ಲಿ ಬಿಟ್ಟು ಬರುವ ಮುಖ. ಹಾಜರಿ ಪುಸ್ತಕ ತೆಗೆದುಕೊಂಡು ಮಕ್ಕಳ ತಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹೆಸರು ಮೂವತ್ತೊಂದು, ತಲೆ ಮೂವತ್ತು, ಗೈರುಹಾಜರು ಯಾರೂ ಇಲ್ಲ.

"ಕೆಂಚಮ್ಮ?" ಎಂದರು.

"ಹಾಜರ್!" ನನ್ನ ಮಗಳು.

"ನೀನೇನು ಕೆಂಚಮ್ಮ?"

"ಅಲ್ರೀ. ಈಕಿ," ಎಂದು ಪಕ್ಕಕ್ಕೆ ತೋರಿಸಿದಳು.

"ಎದ್ದು ನಿಲ್ಲಲಿ."

ಮೂವತ್ತೂ ಮಕ್ಕಳು ಒಂದೇ ದನಿಯಲ್ಲಿ, "ನಿಂತಾಳ್ರೀ ಸಾಹೇಬ್ರ!" ಅಂದರು.

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನನ್ನ ಕಡೆ ತಿರುಗಿ ಉರ್ದುವಿನಲ್ಲಿ, "ಮಾಸ್ತರ್ ಸಾಹೇಬ್, ಈ ಹುಡುಗಿ ಹಾಜರೋ, ಗೈರುಹಾಜರೋ?" ಎಂದರು.

ನಾನು ಸುಳ್ಳು ಹೇಳಲಾರದೆ, "ಜನಾಬ್, ಅವಳು ಇಲ್ಲ" ಅಂದೆ.

"ಅಂದರೆ ಗೈರುಹಾಜರು."

"ಅಲ್ಲ ಜನಾಬ್. ದಿನಾ ಬರುತ್ತಾಳೆ."

ಹೆಡ್‌ಮಾಸ್ತರರು ಓಡಿ ಬಂದು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಹೇಳುವಾಗ ಅವರ ಕೈ ನನ್ನ ಮಗಳ ಕಡೆಗೆ, ಆಮೇಲೆ ಮೇಲಕ್ಕೆ ಹೋಯಿತು. ಸಾಹೇಬರು ಮತ್ತೆ ಪುಸ್ತಕ ತೆರೆದು ಆ ಹೆಸರಿನ ಮೇಲೆ ಬೆರಳಿಟ್ಟರು. ನನ್ನ ನೌಕರಿ ಆ ಮೂವತ್ತೊಂದನೆಯ ಸಾಲಿನ ಮೇಲೆ ನಿಂತಿತ್ತು. ಕೊನೆಗೆ ಹೇಳಿದರು:

"ಶಾಯಿಯಿಂದ ಬರೆದ ಹೆಸರನ್ನು ಹೊಡೆದುಹಾಕುವಂತಿಲ್ಲ. ಕಾಯಿದೆ. ಹೆಸರು ತೆಗೆಯಲು ಎರಡೇ ಕಾರಣ: ಒಂದು ಮರಣ, ಇನ್ನೊಂದು ಬೇರೆ ಶಾಲೆಗೆ ಹೋಗುವುದು." ಮರಣ ಎಂಬ ಮಾತಿಗೆ ದನಿ ತಗ್ಗಿಸಿದರು. "ಮೊದಲನೆಯದು ಬೇಡ. ಎರಡನೆಯದು ಆಗುವ ತನಕ ನಡೆಸಿಕೊಂಡು ಹೋಗಿ."

ನಾನು ಬದುಕಿದೆ ಎಂದುಕೊಂಡೆ. ಆದರೆ ತಪಾಸಣೆ ಮುಗಿದಿರಲಿಲ್ಲ. ಅವರು ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕೇಳುತ್ತ ಬಂದರು. ಖಾಲಿ ಜಾಗದ ಮುಂದೆ ನಿಂತು, ಅಷ್ಟೇ ಗಂಭೀರವಾಗಿ, "ಏಳೆಂಟಲೆ ಎಷ್ಟು?" ಎಂದರು.

ಮಗಳು ಪಕ್ಕಕ್ಕೆ ಬಾಗಿ ಕೇಳಿಸಿಕೊಂಡು ತಲೆ ಎತ್ತಿದಳು. "ಆಕಿಗಿ ಏಳರ ಮಗ್ಗಿ ಬರಂಗಿಲ್ಲಂತ್ರೀ."

"ಕಲಿಸುವವರು ಯಾರು?" ಎಂದರು ಸಾಹೇಬರು.

ಮೂವತ್ತು ಬೆರಳು ನನ್ನ ಕಡೆ ತಿರುಗಿದವು.

ಉಗಾದಿಯ ಬಂಡಿ

ಉಗಾದಿಯ ಹಿಂದಿನ ದಿನ ಮಗಳನ್ನು ಹತ್ತಿರ ಕೂಡಿಸಿಕೊಂಡು ಹೇಳಿದೆ: "ಯವ್ವಾ, ನಾಳೆ ಅಜ್ಜಿ ಬರ್ತಾಳ. ಕೆಂಚಿ ಎಲ್ಲಿ ಅಂತ ಕೇಳಿದ್ರ, ಹೋದಳು ಅಂತ ಹೇಳಿಬಿಡು."

"ಎಲ್ಲಿಗಿ ಹೋದಳು?"

"ಎಲ್ಲಿಗೂ ಇಲ್ಲ. ಹಂಗ ಹೇಳೂದು ಅಷ್ಟ."

"ಸುಳ್ಳು ಹೇಳಬಾರದಂತ ಸಾಲ್ಯಾಗ ನೀನ ಹೇಳ್ತಿ."

ಹೇಳುತ್ತಿದ್ದೆ. ಅದಕ್ಕೂ ಐದು ಕಾರಣ ಕೊಡುತ್ತಿದ್ದೆ. ಸುಮ್ಮನೆ ಎದ್ದು ಹೋಗಿ ಅವಳ ಲಂಗಗಳನ್ನು ಮಡಚಿ ಒಂದು ಗಂಟು ಕಟ್ಟಿದೆ. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕಟ್ಟಿದೆ. ಏನೋ ಬಿಟ್ಟುಹೋಗಿದೆ ಎನಿಸುತ್ತಿತ್ತು.

ಅಕ್ಕ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಬೇವಿನ ಪಾನಕ ಕುಡಿದದ್ದಾಯಿತು, ಹೋಳಿಗೆ ಮಾಡಿದ್ದಾಯಿತು. ಈ ಸಲ ಕೂಡುವ ಮೊದಲು ನೆಲವನ್ನು ಕೈಯಿಂದ ಸವರಿ ನೋಡಿ ಕೂತಳು. ಮಗಳು ತಾಟು ತಂದಿಟ್ಟಳು. ಒಂದು, ಎರಡು, ಮೂರು. ಅಕ್ಕ ಉಸಿರು ಬಿಗಿಹಿಡಿದಳು. ನಾಲ್ಕು.

"ಮುಗೀತು," ಎಂದಳು ಅಕ್ಕ. "ತಮ್ಮಾ, ಕೂಸಿನ ಅರಿವಿ ಕಟ್ಟು."

"ಕಟ್ಟೀನಿ," ಅಂದೆ.

ಊಟವಾದ ಮೇಲೆ ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಗಂಟನ್ನು ತಾನೇ ಎತ್ತಿಕೊಂಡು ಹೊರಗೆ ಹೋಗಿ ಬಂಡಿಯಲ್ಲಿಟ್ಟಳು. ಆಮೇಲೆ ಯಾರನ್ನೋ ಕಂಕುಳಲ್ಲಿ ಹಿಡಿದು ಎತ್ತಿದಂತೆ ಎತ್ತಿ, ಹುಲ್ಲಿನ ಮೇಲೆ ಕೂಡಿಸಿ, ಲಂಗ ಸರಿಪಡಿಸಿ, ಕೆಳಗಿಳಿದು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಹತ್ತವ್ವಾ," ಅಂದಳು ಅಕ್ಕ.

"ನಾ ಬರಂಗಿಲ್ಲ. ಕೆಂಚಿ ಬರ್ತಾಳ."

"ಏನಂದಿ?"

"ಅಪ್ಪಗ ರೊಟ್ಟಿ ಬರಂಗಿಲ್ಲ. ಧೋತ್ರ ಹರದದ್ದು ಗೊತ್ತಾಗಂಗಿಲ್ಲ. ನಕ್ಷಾ ಬಿಚ್ಚಿದ್ರ ಓಡಿ ಹೋಗ್ತಾನ. ನಾ ಹೋದ್ರ ಹ್ಯಾಂಗ?"

ಅಷ್ಟು ಉದ್ದದ ಮಾತನ್ನು ಅವಳು ಆ ವರ್ಷದಲ್ಲಿ ಆಡಿರಲಿಲ್ಲ. ಅದರಲ್ಲಿ ಎಲ್ಲಿಯೂ "ಕೆಂಚಿ ಅಂತಾಳ" ಇರಲಿಲ್ಲ. ನನ್ನ ಮೇಲಿನ ದೂರುಗಳೆಲ್ಲ ಅವಳವೇ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಬೈಗುಳ ನಾನು ಕೇಳಿಲ್ಲ.

"ಮತ್ತ ಕೆಂಚಿ ಯಾಕ?" ಅಕ್ಕನ ದನಿ ಮೆತ್ತಗಾಗಿತ್ತು.

"ನಿಮ್ಮ ಮನ್ಯಾಗ ಬರೇ ಗಂಡಸ್ರು. ನಿನ್ನ ಜೋಡಿ ಮಾತಾಡಾಕ ಯಾರೂ ಇಲ್ಲಲ್ಲ, ಅವ್ವನೂ ಇಲ್ಲ. ಅದಕ್ಕ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಬಂಡಿಯ ಕಡೆ ನೋಡುತ್ತ ನಿಂತಳು. ಬಂಡಿಯವನು, "ಹೋಗೂಣೇನ್ರಿ ಯವ್ವಾ?" ಎಂದು ಹಗ್ಗ ಜಗ್ಗಿದ.

"ತಡಿಯೋ," ಎಂದಳು ಅಕ್ಕ. "ಆ ಕಡೆ ಇನ್ನಷ್ಟು ಹುಲ್ಲು ಹಾಸು. ಹುಡುಗಿಗಿ ಚುಚ್ಚತದ."

ಬಂಡಿಯವನು ಖಾಲಿ ಬಂಡಿ ನೋಡಿದ. ಅಕ್ಕನ ಮುಖ ನೋಡಿದ. ಹುಲ್ಲು ಹಾಸಿದ.

ಇನ್ನೇನು ಬಂಡಿ ಹೊರಡಬೇಕು. ಆಗ ನನಗೆ ನೆನಪಾಯಿತು. "ಅಕ್ಕಾ, ನಿಲ್ಲು!" ಎಂದು ಕೂಗಿ ಶಾಲೆಗೆ ಓಡಿದೆ. ಹೆಸರು ತೆಗೆಯಲು ಎರಡೇ ಕಾರಣ, ಎರಡನೆಯದು ಈಗ ಕೈಗೆ ಬಂದಿತ್ತು. ಬೀಗ ತೆಗೆದು, ಶಾಲೆ ಬಿಟ್ಟು ಹೋಗುವವರಿಗೆ ಕೊಡುವ ದಾಖಲೆಯ ಕಾಗದ ತೆಗೆದು ತುಂಬಿದೆ: ಕೆಂಚಮ್ಮ, ಮೊದಲನೆಯ ಇಯತ್ತೆ, ನಡತೆ ಉತ್ತಮ, ಶಾಲೆ ಬಿಡಲು ಕಾರಣ: ಶಿರವಾಳದಲ್ಲಿ ಅಜ್ಜಿಯ ಮನೆಗೆ. ಮೊಹರು ಹಾಕಿದೆ. ಓಡಿ ಬಂದು ಅಕ್ಕನ ಕೈಯಲ್ಲಿಟ್ಟೆ.

ಅಕ್ಕ ಓದು ಬಾರದವಳು. ಮೊಹರನ್ನು ಮುಟ್ಟಿ ನೋಡಿ, "ಇಷ್ಟು ದಿವಸ ಗಾಳಿ ಗಾಳಿ ಅಂತಿದ್ದೆ," ಎಂದಳು. "ಸರಕಾರದ ಶಿಕ್ಕಾ ಬಿದ್ದದ. ಹಂಗಾರ ಖರೇನ ಇದ್ದಾಳು ಬಿಡು."

ಬಂಡಿ ಹೋದ ಮೇಲೆ ಗೊತ್ತಾಯಿತು: ಮಗಳ ಲಂಗದ ಗಂಟೂ ಕೆಂಚಿಯ ಜೊತೆ ಹೋಗಿತ್ತು. ಹೊಸದು ಹೊಲಿಸುವ ತನಕ ವಾರವಿಡೀ ನನ್ನ ಅಂಗಿ ಹಾಕಿಕೊಂಡು ಶಾಲೆಗೆ ಬಂದಳು.

ಶಿರವಾಳದ ಕಾಗದ

ಬೇಸಗೆಯ ರಜೆ ಕಳೆದು ಶಾಲೆ ಶುರುವಾಯಿತು. ಮನೆಯಲ್ಲಿ ತಾಟು ಎರಡೇ. ನಾನು ಹೆದರಿದ್ದಂತೆ ಮಗಳ ಮಾತು ನಿಲ್ಲಲಿಲ್ಲ. ಉಪ್ಪು, ಖಾರ, ಹೆಳಲು, ಧೋತ್ರ, ಎಲ್ಲದರ ದೂರೂ ಈಗ ನೇರವಾಗಿ ಬರುತ್ತಿತ್ತು. ನಿಜ ಹೇಳಬೇಕೆಂದರೆ ಕೆಂಚಿ ಇವಳಿಗಿಂತ ಸ್ವಲ್ಪ ಮೆತ್ತಗೆ ಹೇಳುತ್ತಿದ್ದಳು.

ಆಗ ಶಿರವಾಳದಿಂದ ಒಂದು ಕಾಗದ ಬಂತು. ಬರೆದವರು ಅಲ್ಲಿನ ಶಾಲೆಗೆ ಇದ್ದ ಒಬ್ಬರೇ ಮಾಸ್ತರರು. ನನಗೆ ಮುಖ ಪರಿಚಯವೂ ಇರಲಿಲ್ಲ. ಅಂಚೆಯವನು ಕೊಟ್ಟಾಗ ಮಗಳಿಗೆ ರೊಟ್ಟಿ ಬಡಿದು ಹಾಕುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಒಡೆದು, ಅವಳಿಗೂ ಕೇಳಲೆಂದು ಗಟ್ಟಿಯಾಗಿ ಓದಿದೆ.

"ತಾವು ದಾಖಲೆ ಕೊಟ್ಟು ಕಳಿಸಿದ ವಿದ್ಯಾರ್ಥಿನಿ ಕೆಂಚಮ್ಮಳನ್ನು ನಮ್ಮ ಶಾಲೆಗೆ ಸೇರಿಸಿಕೊಂಡಿದ್ದೇನೆ. ಮೊದಲು ನಾನು ಅನುಮಾನಪಟ್ಟದ್ದುಂಟು. ಆದರೆ ನಿಮ್ಮ ಅಕ್ಕನವರು ಕಾಗದವನ್ನು ಮೇಜಿನ ಮೇಲೆ ಬಡಿದು, 'ಶಿಕ್ಕಾ ನೋಡ್ರಿ, ಶಿಕ್ಕಾ!' ಎಂದರು. ಶಿಕ್ಕಾ ಸರಿಯಾಗಿತ್ತು. ಅಲ್ಲದೆ ನಮ್ಮಲ್ಲಿ ಒಂದು ಹೆಸರು ಕಡಿಮೆ ಬಿದ್ದು ಶಾಲೆ ಮುಚ್ಚುವ ಮಾತು ನಡೆದಿತ್ತು. ದೇವರೇ ಕಳಿಸಿದಂತಾಯಿತು. ಅಕ್ಕನವರು ದಿನಾ ಬೆಳಿಗ್ಗೆ ಅವಳನ್ನು ಕೈಹಿಡಿದು ತಂದು ಬಿಡುತ್ತಾರೆ. ದಾರಿಯುದ್ದಕ್ಕೂ ಅವಳೊಡನೆ ಮಾತಾಡುತ್ತ ಬರುತ್ತಾರೆ. ಹಿಂದೆ ಯಾರೊಡನೆಯೂ ಮಾತಾಡದೆ ಮುಖ ಗಂಟಿಕ್ಕಿಕೊಂಡಿದ್ದವರು ಈಗ ದಾರಿಯಲ್ಲಿ ನಗುವುದೂ ಕೇಳಿಸುತ್ತದೆ. ಹುಡುಗಿ ಒಂದು ದಿನವೂ ಗೈರುಹಾಜರಿಲ್ಲ. ಗಲಾಟೆಯಿಲ್ಲ, ಜಗಳವಿಲ್ಲ. ಇಂಥವರು ತಮ್ಮಲ್ಲಿ ಇನ್ನೂ ನಾಲ್ಕು ಜನ ಇದ್ದರೆ ದಯಮಾಡಿ ಕಳಿಸಿರಿ."

ನನ್ನ ಕನ್ನಡಕ ಮಸುಕಾಗಿತ್ತು, ತವೆಯ ಹೊಗೆಯಿಂದ. ಒರೆಸಿಕೊಂಡು ಕೊನೆಯ ಸಾಲು ಓದಿದೆ.

"ಒಂದು ಮಾತು ಮಾತ್ರ ಹೇಳಲೇಬೇಕಾಗಿದೆ. ಏಳರ ಮಗ್ಗಿಯಲ್ಲಿ ತೀರ ಹಿಂದೆ. ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ಬುನಾದಿಯೇ ಸರಿ ಬಿದ್ದಿಲ್ಲವೆಂದು ಕಾಣುತ್ತದೆ. ಅಲ್ಲಿ ಅವಳಿಗೆ ಕಲಿಸುತ್ತಿದ್ದವರು ಯಾರೆಂದು ತಿಳಿಸಿದರೆ ಉಪಕಾರವಾದೀತು."

ಓದಿ ತಲೆ ಎತ್ತಿದೆ. ಮಗಳ ಬಾಯಿ ತುಂಬ ರೊಟ್ಟಿ, ಮಾತಾಡುವಂತಿರಲಿಲ್ಲ. ಬೆರಳೊಂದನ್ನು ಮಾತ್ರ ನನ್ನ ಕಡೆ ಚಾಚಿದ್ದಳು.